ಹೆಲಿಕಾಪ್ಟರಿನ ರೋಟರ್ ನಿಧಾನವಾದಾಗ ಜನರೇಟರ್ ಲೈನ್ ಬಿಟ್ಟುಕೊಂಡರೆ ಅದು ಕೆಟ್ಟಿದೆ ಅಂತಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಕೊಪ್ಪಳ ಜಿಲ್ಲೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದು ವಿಡಿಯೊ ಓಡಾಡುತ್ತಿದೆ. ಯಾವುದೋ ಕಾರ್ಯಕ್ರಮಕ್ಕೆ ಬಂದ ಹೆಲಿಕಾಪ್ಟರ್ ಮೈದಾನದಲ್ಲಿ ಇಳಿದು ನಿಂತಿದೆ, ಮೇಲಿನ ರೆಕ್ಕೆಗಳು, ಅಂದರೆ ರೋಟರ್, ಇನ್ನೂ ತಿರುಗುತ್ತಿವೆ, ಯಾರೋ ತೆರೆದ ಬಾಗಿಲಿನಿಂದ ಪೈಲಟ್ ಮುಂದಿನ ಪ್ಯಾನೆಲ್ ಕಡೆ ಮೊಬೈಲ್ ಹಿಡಿದಿದ್ದಾರೆ. ರೆಕ್ಕೆ ನಿಧಾನವಾಗುತ್ತಿದ್ದಂತೆ ಒಂದೊಂದೇ ಹಳದಿ ದೀಪ ಹತ್ತಿಕೊಳ್ಳುತ್ತದೆ, ಆಮೇಲೆ ಕೆಂಪು, ಒಂದು ಪರದೆ ಪಟ್ಟಂತ ಆರಿಹೋಗುತ್ತದೆ. ಹಿಂದಿನಿಂದ ಒಂದು ದನಿ: "ಕರೆಂಟ್ ಹೋತು ನೋಡ್ರಿ, ಮ್ಯಾಲಿದ್ದಾಗ ಹೋಗಿದ್ರ ಏನ್ ಗತಿ?" ಅಲ್ಲಿಂದ ಶುರುವಾಯಿತು. ಕೂದಲೆಳೆಯಲ್ಲಿ ಪಾರು, ಜನರೇಟರ್ ಫೇಲ್, ಹಳೇ ಹೆಲಿಕಾಪ್ಟರ್ ಕೊಟ್ಟು ಕಳಿಸಿದ್ದಾರೆ ಅಂತ ಒಬ್ಬೊಬ್ಬರು ಒಂದೊಂದು ಬರೆದರು. ಬಂದವರು ಯಾರು, ಯಾವ ಪಕ್ಷ ಅನ್ನೋದು ನನಗೆ ಬೇಡ. ಆದರೆ ಆ ವಿಡಿಯೊದಲ್ಲಿ ಕಾಣುವುದು ಕೆಟ್ಟ ಹೆಲಿಕಾಪ್ಟರ್ ಅಲ್ಲ, ಸರಿಯಾಗಿ ಕೆಲಸ ಮಾಡುತ್ತಿರುವ ಹೆಲಿಕಾಪ್ಟರ್. ಅದನ್ನ ಯಾರಾದರೂ ಬರೆಯಬೇಕಲ್ವಾ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಇದ್ದರೆ ಹಾಕಿ.

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್‌ಗಳ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತಿಯಾದವನು. ಈಗ ಗಂಗಾವತಿಯಲ್ಲಿದ್ದೇನೆ. ತಮ್ಮನ ರೈಸ್ ಮಿಲ್ಲಿನ ಮೋಟಾರು, ಸ್ಟಾರ್ಟರು ನೋಡಿಕೊಳ್ಳುವುದು ಬಿಟ್ಟರೆ ಬೇರೆ ಉದ್ಯೋಗ ಇಲ್ಲ.

ಮೊದಲು ಒಂದು ವಿಷಯ. ಹೆಲಿಕಾಪ್ಟರ್‌ನಲ್ಲಿ ಕರೆಂಟ್ ಹುಟ್ಟುವ ಜಾಗ ಎರಡು. ಕೆಲವು ಹೆಲಿಕಾಪ್ಟರ್‌ಗಳಲ್ಲಿ ಜನರೇಟರನ್ನು ಎಂಜಿನ್ ಮೇಲೇ ಕೂರಿಸಿರುತ್ತಾರೆ. ಚೇತಕ್, ಚೀತಾ, ಬೆಲ್ 206 ಥರದ ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಹೀಗೆ. ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರೂ ಅದೇ, ಸ್ಟಾರ್ಟ್ ಆದ ಮೇಲೆ ಕರೆಂಟ್ ಕೊಡುವ ಜನರೇಟರೂ ಅದೇ, ಅದಕ್ಕೇ ಅದನ್ನ ಸ್ಟಾರ್ಟರ್-ಜನರೇಟರ್ ಅಂತಾರೆ. ಅದು ಕೊಡುವುದು 28 ವೋಲ್ಟ್ ಡಿಸಿ, ಅಂದರೆ ಬ್ಯಾಟರಿಯಂತೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಎಂಐ-17 ಥರದ ದೊಡ್ಡ ಹೆಲಿಕಾಪ್ಟರ್‌ಗಳಲ್ಲಿ ಮುಖ್ಯ ಜನರೇಟರ್‌ಗಳು ಎಂಜಿನ್ ಮೇಲೆ ಇರುವುದಿಲ್ಲ. ರೋಟರನ್ನು ತಿರುಗಿಸುವ ದೊಡ್ಡ ಗೇರ್‌ಬಾಕ್ಸ್ ಇದೆಯಲ್ಲ, ಅದರ ಪಕ್ಕಕ್ಕೆ ಜೋಡಿಸಿರುತ್ತಾರೆ. ಅವು ಕೊಡುವುದು ತ್ರೀ ಫೇಸ್ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಒಂದು ಫೇಸಿಗೆ 115 ವೋಲ್ಟ್, ಎರಡು ಫೇಸುಗಳ ನಡುವೆ 200 ವೋಲ್ಟ್, ಫ್ರೀಕ್ವೆನ್ಸಿ 400 ಹರ್ಟ್ಜ್, ಅಂದರೆ ಕರೆಂಟ್ ಸೆಕೆಂಡಿಗೆ 400 ಸಲ ಹೋಗಿ ಬರುತ್ತದೆ. ನಮ್ಮ ಮನೆಗೆ ಬರುವುದು 50, ಇದು ಅದರ ಎಂಟು ಪಟ್ಟು. ಫ್ರೀಕ್ವೆನ್ಸಿ ಜಾಸ್ತಿ ಇದ್ದರೆ ಟ್ರಾನ್ಸ್‌ಫಾರ್ಮರು, ಮೋಟಾರು ಎಲ್ಲ ಸಣ್ಣದಾಗಿ, ಹಗುರಾಗಿ ಮಾಡಬಹುದು. ಹಾರುವ ವಾಹನಕ್ಕೆ ತೂಕವೇ ಮುಖ್ಯ.

ಗೇರ್‌ಬಾಕ್ಸ್ ಮೇಲೆ ಯಾಕೆ ಕೂರಿಸಿದರು? ವಿಮಾನದ ಎಂಜಿನ್ ವೇಗ ಏರುತ್ತೆ, ಇಳಿಯುತ್ತೆ. ಏರುವಾಗ ಒಂದು, ಇಳಿಯುವಾಗ ಇನ್ನೊಂದು. ಅಂಥ ಎಂಜಿನ್‌ಗೆ ಜನರೇಟರನ್ನು ನೇರ ಜೋಡಿಸಿದರೆ ಫ್ರೀಕ್ವೆನ್ಸಿಯೂ ಏರಿಳಿಯುತ್ತದೆ. ಹಾಗಾಗಿ ಬಹಳಷ್ಟು ಜೆಟ್ ವಿಮಾನಗಳಲ್ಲಿ ಎಂಜಿನ್ ಎಷ್ಟೇ ವೇಗದಲ್ಲಿದ್ದರೂ ಜನರೇಟರನ್ನು ಒಂದೇ ವೇಗದಲ್ಲಿ ತಿರುಗಿಸುವ ಒಂದು ಹೈಡ್ರಾಲಿಕ್ ಯಂತ್ರ ಬೇರೆ ಇಡಬೇಕಾಯಿತು. ಹೆಲಿಕಾಪ್ಟರ್‌ಗೆ ಆ ಖರ್ಚು, ಆ ತೂಕ ಬೇಡ. ಹಾರುತ್ತಿರುವಾಗ ಅದರ ರೋಟರ್ ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ಮೇಲೆ ಹೋಗಲಿ, ಕೆಳಗೆ ಬರಲಿ, ನಿಂತಲ್ಲೇ ತೇಲಲಿ, ರೆಕ್ಕೆಯ ಕೋನ ಬದಲಾಗುತ್ತದೆ, ಸುತ್ತು ಬದಲಾಗುವುದಿಲ್ಲ. ಎಂಐ-17ರ ರೋಟರ್ ನಿಮಿಷಕ್ಕೆ ಸುಮಾರು 192 ಸುತ್ತು. ವೇಗ ಕಾಯುವ ಎಂಜಿನ್ ಗವರ್ನರ್ ಅದನ್ನ ಹಾಗೇ ಹಿಡಿದಿಟ್ಟಿರುತ್ತದೆ. ಹಾಗಾಗಿ ಗೇರ್‌ಬಾಕ್ಸಿಗೆ ಜೋಡಿಸಿದ ಜನರೇಟರಿನ ಫ್ರೀಕ್ವೆನ್ಸಿಯೂ ತಾನಾಗೇ ಸ್ಥಿರ.

ಈ ಅನುಕೂಲಕ್ಕೆ ಒಂದು ಬೆಲೆ ಇದೆ. ರೋಟರ್ ನಿಧಾನವಾದರೆ ಫ್ರೀಕ್ವೆನ್ಸಿಯೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ, ಅಡ್ಡಬರುವವರು ಯಾರೂ ಇಲ್ಲ. ಲೆಕ್ಕ ಸುಲಭ. ಜನರೇಟರಿನ ಆಯಸ್ಕಾಂತದ ಧ್ರುವಗಳ ಸಂಖ್ಯೆಯನ್ನು ನಿಮಿಷದ ಸುತ್ತಿನಿಂದ ಗುಣಿಸಿ 120ರಿಂದ ಭಾಗಿಸಿ. ಆರು ಧ್ರುವದ ಜನರೇಟರ್ 8,000 ಸುತ್ತು ತಿರುಗಿದರೆ 400 ಹರ್ಟ್ಜ್. ರೋಟರ್ ನೂರಕ್ಕೆ 95ಕ್ಕೆ ಬಂದರೆ 380. 90ಕ್ಕೆ ಬಂದರೆ 360. 80ಕ್ಕೆ ಇಳಿದರೆ 320. ವಿಮಾನಗಳೊಳಗಿನ ಕರೆಂಟಿಗೆ ಅಂತ ಇರುವ ಅಮೆರಿಕದ ಸೇನೆಯ 704 ಅನ್ನೋ ಮಾನದಂಡ ಮಾಮೂಲಿ ಸ್ಥಿತಿಯಲ್ಲಿ ಒಪ್ಪುವುದು 393ರಿಂದ 407ರವರೆಗೆ. ಅಂದರೆ ಎರಡು ಪರ್ಸೆಂಟ್ ಕೂಡ ಇಳಿಯುವಂತಿಲ್ಲ.

ರಾಯಚೂರಿನ ಕಡೆಯವರಿಗೆ ಫ್ರೀಕ್ವೆನ್ಸಿ ಅಂದರೆ ಹೊಸ ಮಾತಲ್ಲ. ಶಕ್ತಿನಗರದ ಸ್ಥಾವರದಲ್ಲಿ ಕೆಲಸ ಮಾಡಿದವರು ಊರೂರಿಗೆ ಇದ್ದಾರೆ, ಅವರನ್ನೇ ಕೇಳಿ. ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದಾಗಿದ್ದೇ 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ. ಇವತ್ತು ಆ ಗ್ರಿಡ್ಡಿನ ಫ್ರೀಕ್ವೆನ್ಸಿಯನ್ನು 49.90 ಮತ್ತು 50.05ರ ನಡುವೆ ಇಡಬೇಕು ಅನ್ನೋದು ನಿಯಮ. ಅದಕ್ಕಿಂತ ತುಂಬಾ ಕೆಳಗೆ ಹೋದರೆ ರಿಲೇಗಳು ತಾವಾಗೇ ಫೀಡರುಗಳನ್ನು ಕತ್ತರಿಸುತ್ತವೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಹೆಲಿಕಾಪ್ಟರ್ ಒಳಗಿರುವುದೂ ಒಂದು ಪುಟ್ಟ ಗ್ರಿಡ್ಡೇ. ವ್ಯತ್ಯಾಸ ಏನಂದ್ರೆ, ದೇಶದ ಗ್ರಿಡ್ಡನ್ನು ನೂರಾರು ಯಂತ್ರ ಸೇರಿ ಎಳೆಯುತ್ತವೆ, ಒಂದು ನಿಂತರೆ ಉಳಿದವು ತೂಗಿಸುತ್ತವೆ. ಇಲ್ಲಿ ಎಲ್ಲ ಜನರೇಟರ್‌ಗಳೂ ಒಂದೇ ಗೇರ್‌ಬಾಕ್ಸಿನ ಮಕ್ಕಳು. ರೋಟರ್ ಬಿದ್ದರೆ ಎಲ್ಲವೂ ಒಟ್ಟಿಗೇ ಬೀಳುತ್ತವೆ.

ಜನ ಕೇಳುವ ಪ್ರಶ್ನೆ: "ವೋಲ್ಟೇಜ್ ಕಡಿಮೆಯಾದರೆ ದೀಪ ಮಂಕಾಗಬೇಕು, ಇದ್ಯಾಕೆ ಪಟ್ಟಂತ ಆರಿತು?" ಒಳ್ಳೆ ಪ್ರಶ್ನೆ. ನಿಜ ಏನಂದ್ರೆ ವೋಲ್ಟೇಜ್ ಕಡಿಮೆಯಾಗಿಯೇ ಇರಲಿಲ್ಲ. ಸುತ್ತು ಇಳಿದಾಗ ವೋಲ್ಟೇಜ್ ಇಳಿಯಲೇಬೇಕು, ಆದರೆ ರೆಗ್ಯುಲೇಟರ್ ಬಿಡುವುದಿಲ್ಲ. ಅದು ಜನರೇಟರಿನ ಫೀಲ್ಡಿಗೆ, ಅಂದರೆ ಆಯಸ್ಕಾಂತ ಹುಟ್ಟಿಸುವ ಸುರುಳಿಗೆ, ಇನ್ನಷ್ಟು ಕರೆಂಟ್ ತಳ್ಳಿ, ಆಯಸ್ಕಾಂತವನ್ನು ಗಟ್ಟಿ ಮಾಡಿ 115 ವೋಲ್ಟನ್ನು ಹಿಡಿದು ನಿಲ್ಲಿಸುತ್ತದೆ. ಹೊರಗಿನವರಿಗೆ ಎಲ್ಲ ಸರಿಯಾಗಿದೆ ಅನಿಸುತ್ತದೆ. ಒಳಗೆ ಫೀಲ್ಡ್ ಸುರುಳಿ ಬಿಸಿಯಾಗುತ್ತಿರುತ್ತದೆ. ಕಬ್ಬಿಣ ಒಂದು ಮಟ್ಟದ ಮೇಲೆ ಇನ್ನು ಆಯಸ್ಕಾಂತ ಹಿಡಿಸುವುದಿಲ್ಲ ಅನ್ನುತ್ತದೆ, ಅಲ್ಲಿಂದ ಮುಂದೆ ಒಂದು ವೋಲ್ಟ್ ಉಳಿಸಲು ಮೊದಲಿಗಿಂತ ಎಷ್ಟೋ ಜಾಸ್ತಿ ಫೀಲ್ಡ್ ಕರೆಂಟ್ ಬೇಕು. ಇದರ ಮೇಲೆ ಇನ್ನೊಂದು. ಜನರೇಟರನ್ನು ತಂಪು ಮಾಡುವ ಫ್ಯಾನ್ ಅದೇ ಶಾಫ್ಟಿನ ಮೇಲಿದ್ದರೆ ಅದೂ ನಿಧಾನ. ಬಿಸಿ ಜಾಸ್ತಿಯಾದ ಹೊತ್ತಿಗೇ ಗಾಳಿ ಕಡಿಮೆ.

ಲೋಡ್ ಕಡೆಯೂ ಇದೇ ಕಥೆ. ಟ್ರಾನ್ಸ್‌ಫಾರ್ಮರಿಗೆ, ಮೋಟಾರಿಗೆ ವೋಲ್ಟೇಜ್ ಅಷ್ಟೇ ಕೊಟ್ಟು ಫ್ರೀಕ್ವೆನ್ಸಿ ನೂರಕ್ಕೆ 80 ಮಾಡಿದರೆ ಅದರ ಕಬ್ಬಿಣದೊಳಗಿನ ಫ್ಲಕ್ಸ್, ಅಂದರೆ ಆಯಸ್ಕಾಂತದ ಹರಿವು, 25 ಪರ್ಸೆಂಟ್ ಏರಬೇಕಾಗುತ್ತದೆ. ಹಗುರ ಮಾಡಲಿ ಅಂತ 400 ಹರ್ಟ್ಜ್‌ಗೇ ಅಳೆದು ಮಾಡಿದ ಕಬ್ಬಿಣ, ಅದಕ್ಕೆ ಅಷ್ಟು ತಡೆಯುವ ಶಕ್ತಿ ಎಲ್ಲಿಂದ ಬರಬೇಕು. ಕರೆಂಟ್ ಎಳೆಯುತ್ತದೆ, ಗುಂಯ್ ಅನ್ನುತ್ತದೆ, ಕಾಯುತ್ತದೆ. ಮಿಲ್ಲಿನವರು ಇದನ್ನ ಕಣ್ಣಾರೆ ನೋಡಿದ್ದಾರೆ. ಲೈನು ಹೋಗಿ ಡಿಜಿ ಸೆಟ್ ಮೇಲೆ ಮಿಲ್ ಓಡಿಸುವಾಗ ಡೀಸೆಲ್ ಫಿಲ್ಟರ್ ಕಟ್ಟಿಕೊಂಡು ಎಂಜಿನ್ ಎಳೆಯಲಾರದೆ ಕುಸಿದರೆ, ರೆಗ್ಯುಲೇಟರ್ ವೋಲ್ಟೇಜ್ ಬಿಡದೆ ಹಿಡಿದಿದ್ದರೆ, ಮೋಟಾರು ನಿಧಾನವಾಗಿ ನರಳಿ ಸುರುಳಿಯ ವಾರ್ನಿಷ್ ವಾಸನೆ ಬರುತ್ತದೆ. ಒಳ್ಳೆ ಆಪರೇಟರ್ ಆಗ ಏನು ಮಾಡುತ್ತಾನೆ? ಓಡಿಹೋಗಿ ಮೇನ್ ಕೆಳಗೆ ಮಾಡುತ್ತಾನೆ. ರಿವೈಂಡಿಂಗ್ ಖರ್ಚಿಗಿಂತ ಹತ್ತು ನಿಮಿಷ ಮಿಲ್ ನಿಲ್ಲುವುದು ಲೇಸು ಅಂತ ಅವನಿಗೆ ಗೊತ್ತು.

ಹೆಲಿಕಾಪ್ಟರಿನಲ್ಲಿ ಮೇನ್ ಕೆಳಗೆ ಮಾಡುವ ಆ ಆಪರೇಟರಿಗೆ ಜನರೇಟರ್ ಕಂಟ್ರೋಲ್ ಯೂನಿಟ್ ಅಂತ ಹೆಸರು, ನಾವು ಜಿಸಿಯು ಅಂತಿದ್ದೆವು. ಅದು ಫ್ರೀಕ್ವೆನ್ಸಿಯನ್ನು ನೋಡುತ್ತಲೇ ಇರುತ್ತದೆ. ಒಂದು ಮಟ್ಟಕ್ಕಿಂತ ಇಳಿದು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಜನರೇಟರನ್ನು ಲೈನಿಗೆ ಜೋಡಿಸುವ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್ ಬಿಡಿಸುತ್ತದೆ. ಪರದೆ ಪಟ್ಟಂತ ಆರಿದ್ದು ಅದಕ್ಕೆ. ಮಂಕಾಗುವ ಹಂತವೇ ಬರಲಿಲ್ಲ, ಬರಲು ಬಿಡಬಾರದು ಅಂತಲೇ ಅದನ್ನ ಇಟ್ಟಿರುವುದು. ಕೆಲವು ಹೆಲಿಕಾಪ್ಟರ್‌ಗಳಲ್ಲಿ ಸುತ್ತು ಮತ್ತೆ ಏರಿದರೆ ಜನರೇಟರ್ ತಾನಾಗೇ ಲೈನಿಗೆ ಬರುತ್ತದೆ, ಕೆಲವದರಲ್ಲಿ ಪೈಲಟ್ ಸ್ವಿಚ್ಚನ್ನು ರೀಸೆಟ್ ಮಾಡಿ ಮತ್ತೆ ಆನ್ ಮಾಡಬೇಕು.

ಈಗ ಆ ದನಿ ಕೇಳಿದ ಪ್ರಶ್ನೆಗೆ ಬರೋಣ, ಮೇಲಿದ್ದಾಗ ಹೋಗಿದ್ದರೆ? ಇದೇ ನಿಜವಾಗಿ ಯೋಚಿಸಬೇಕಾದ ಜಾಗ, ವಿಡಿಯೊ ಮಾಡಿದವರಿಗೆ ಆ ಮಟ್ಟಿಗೆ ಶಭಾಷ್ ಅನ್ನಬೇಕು. ಹಾರುವಾಗ ರೋಟರ್ ಸುತ್ತು ಯಾವಾಗ ಇಳಿಯುತ್ತದೆ? ಪೈಲಟ್ ಕಲೆಕ್ಟಿವ್ ಅನ್ನೋ ಕೋಲನ್ನು ಮೇಲಕ್ಕೆಳೆದು ರೆಕ್ಕೆಯ ಕೋನ ಹೆಚ್ಚಿಸಿದಾಗ ಎಂಜಿನ್ನಿಗೆ ಭಾರ ಹೆಚ್ಚುತ್ತದೆ. ಎಂಜಿನ್ ತನ್ನ ಗರಿಷ್ಠ ಶಕ್ತಿ ಮುಟ್ಟಿದ ಮೇಲೂ ಎಳೆದರೆ ಕೊಡಲು ಅದರ ಹತ್ತಿರ ಏನೂ ಇರುವುದಿಲ್ಲ, ಸುತ್ತು ಕುಸಿಯುತ್ತದೆ. ರೆಕ್ಕೆ ಎತ್ತುವ ಶಕ್ತಿ ಸುತ್ತಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಸುತ್ತು 90 ಪರ್ಸೆಂಟಿಗೆ ಬಂದರೆ ಅದೇ ಕೋನಕ್ಕೆ ಎತ್ತುವ ಶಕ್ತಿ 81 ಪರ್ಸೆಂಟು. ಹೆಲಿಕಾಪ್ಟರ್ ಇಳಿಯತೊಡಗುತ್ತದೆ, ಇಳಿಯುತ್ತಿದೆ ಅಂತ ಗಾಬರಿಯಾಗಿ ಇನ್ನೂ ಎಳೆದರೆ ಇನ್ನೂ ಕುಸಿಯುತ್ತದೆ.

ನಮ್ಮ ಕಡೆ ಬೇಸಿಗೆಯಲ್ಲಿ ಇದು ಪುಸ್ತಕದ ಮಾತಲ್ಲ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 1,600 ಅಡಿ ಎತ್ತರ. ಆ ಎತ್ತರಕ್ಕೆ ಪೈಲಟ್‌ಗಳ ಲೆಕ್ಕದ ಮಾಮೂಲಿ ಉಷ್ಣಾಂಶ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಅಂದುಕೊಳ್ಳಿ, 30 ಡಿಗ್ರಿ ಜಾಸ್ತಿ. ಒಂದು ಡಿಗ್ರಿಗೆ 120 ಅಡಿ ಸೇರಿಸಬೇಕು ಅನ್ನೋದು ಪೈಲಟ್‌ಗಳ ಬಾಯಿಲೆಕ್ಕ. 3,600 ಅಡಿ ಸೇರಿತು. ಅಂದರೆ ಬಳ್ಳಾರಿಯಲ್ಲಿ ನೆಲದ ಮೇಲೆ ನಿಂತಿರುವ ಹೆಲಿಕಾಪ್ಟರ್ ತಾನು 5,200 ಅಡಿ ಎತ್ತರದಲ್ಲಿದ್ದೇನೆ ಅಂದುಕೊಂಡಿರುತ್ತದೆ. ಮಡಿಕೇರಿಗಿಂತ ಎತ್ತರ! ಗಾಳಿ ತೆಳು, ರೆಕ್ಕೆಗೂ ಹಿಡಿತ ಕಡಿಮೆ, ಎಂಜಿನ್ನಿಗೂ ಶಕ್ತಿ ಕಡಿಮೆ. ಸುತ್ತಲೂ ಮರ, ಲೈಟುಕಂಬ, ಪೆಂಡಾಲು ಇರುವ ಕಾಲೇಜು ಮೈದಾನದಿಂದ ಅಂಥ ಹೊತ್ತಲ್ಲಿ "ಇನ್ನೊಬ್ಬರನ್ನ ಹತ್ತಿಸ್ಕೊಳ್ರಿ" ಅಂತ ಪೈಲಟ್ ಮೇಲೆ ಒತ್ತಡ ಹಾಕುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಹೀಗೆ ಸುತ್ತು ಕುಸಿದ ಗಳಿಗೆಯಲ್ಲಿ ಗೇರ್‌ಬಾಕ್ಸ್ ಮೇಲಿನ ಜನರೇಟರೂ ಫ್ರೀಕ್ವೆನ್ಸಿ ಕಡಿಮೆಯಾಯಿತು ಅಂತ ಬಿಟ್ಟುಕೊಂಡರೆ? ಪರದೆ ಆರುತ್ತದೆ, ಹೆಲಿಕಾಪ್ಟರನ್ನು ಅಲುಗದಂತೆ ಹಿಡಿದಿಡುವ ಆಟೊಪೈಲಟ್ ಬಿಡುತ್ತದೆ, ಪೈಲಟ್‌ಗೆ ಎರಡು ಕೈ ಸಾಲದ ಹೊತ್ತಲ್ಲೇ ಇನ್ನೊಂದು ಕೆಲಸ ಮೈಮೇಲೆ ಬೀಳುತ್ತದೆ. ವಿನ್ಯಾಸ ಮಾಡಿದವರು ಇದನ್ನ ಯೋಚಿಸಿಲ್ಲ ಅಂದುಕೊಳ್ಳಬೇಡಿ. ಅಮೆರಿಕದ ಬ್ಲ್ಯಾಕ್ ಹಾಕ್‌ನಂಥ ಹೆಲಿಕಾಪ್ಟರ್‌ಗಳಲ್ಲಿ ಚಕ್ರದ ಕಾಲಿನಲ್ಲಿ ಒಂದು ಸ್ವಿಚ್ ಇದೆ. ಭಾರ ಚಕ್ರದ ಮೇಲಿದ್ದರೆ ಹೆಲಿಕಾಪ್ಟರ್ ನೆಲದಲ್ಲಿದೆ ಅಂತ ಅರ್ಥ, ಆಗ ಕಡಿಮೆ ಫ್ರೀಕ್ವೆನ್ಸಿಯ ಕಾವಲು ಬಿಗಿ, ರೋಟರ್ ಸ್ವಲ್ಪ ನಿಧಾನವಾದರೂ ಜನರೇಟರ್ ಹೊರಗೆ. ಚಕ್ರ ನೆಲ ಬಿಟ್ಟ ಕೂಡಲೇ ಆ ಕಾವಲನ್ನು ತೆಗೆದುಬಿಡುತ್ತಾರೆ. ಮೇಲಿರುವಾಗ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಕಾದರೂ ಪರವಾಗಿಲ್ಲ, ಕರೆಂಟ್ ಬೇಕು. ಕೆಳಗಿರುವಾಗ ಕರೆಂಟ್ ಹೋದರೂ ಪರವಾಗಿಲ್ಲ, ಯಂತ್ರ ಉಳಿಯಬೇಕು. ನನಗೆ ಆ ವಿದ್ಯುತ್ ವ್ಯವಸ್ಥೆಯಲ್ಲೆಲ್ಲ ತುಂಬಾ ಮೆಚ್ಚುಗೆಯಾದ ಯೋಚನೆ ಇದು, ಒಂದು ಸಣ್ಣ ಸ್ವಿಚ್ ಅಷ್ಟೆ. ಹಾಗಾಗಿ ನೆಲದ ಮೇಲೆ ಜನರೇಟರ್ ಬಿಟ್ಟುಕೊಂಡ ವೇಗದಲ್ಲೇ ಆಕಾಶದಲ್ಲೂ ಬಿಟ್ಟುಕೊಳ್ಳುತ್ತಿತ್ತು ಅನ್ನುವ ಲೆಕ್ಕ ಅಂಥ ಹೆಲಿಕಾಪ್ಟರಿಗೆ ಹೊಂದುವುದೇ ಇಲ್ಲ. ಹಾಗಂತ ಎಷ್ಟು ಇಳಿದರೂ ನಡೆಯುತ್ತೆ ಅಂತಲ್ಲ. ತೀರಾ ಕೆಳಗಿಳಿದರೆ ಜನರೇಟರ್ ತಾನಾಗೇ ಕೈಚೆಲ್ಲುತ್ತದೆ, ಆದರೆ ಆ ಹೊತ್ತಿಗೆ ಪೈಲಟ್‌ನ ತಲೆನೋವು ಕರೆಂಟ್ ಆಗಿರುವುದಿಲ್ಲ.

ಎಂಜಿನ್ ಮೇಲಿನ ಡಿಸಿ ಜನರೇಟರ್ ಇದಕ್ಕೆ ಪೂರ್ತಿ ಉಲ್ಟಾ ನಡೆದುಕೊಳ್ಳುತ್ತದೆ. ಈಗಿನ ಬಹುತೇಕ ಎಂಜಿನ್‌ಗಳಲ್ಲಿ ಎರಡು ಭಾಗ. ಗಾಳಿ ಒತ್ತಿ ಬೆಂಕಿ ಉರಿಸುವ ಭಾಗ ಒಂದು, ಆ ಬಿಸಿಗಾಳಿಯಿಂದ ತಿರುಗಿ ರೋಟರಿಗೆ ಶಕ್ತಿ ಕೊಡುವ ಟರ್ಬೈನ್ ಇನ್ನೊಂದು. ಎರಡರ ನಡುವೆ ಶಾಫ್ಟ್ ಇಲ್ಲ, ಗಾಳಿಯದ್ದಷ್ಟೇ ನಂಟು. ಸ್ಟಾರ್ಟರ್-ಜನರೇಟರ್ ಇರುವುದು ಮೊದಲ ಭಾಗದಲ್ಲಿ. ಹಾಗಾಗಿ ಭಾರಕ್ಕೆ ರೋಟರ್ ಕುಸಿಯುತ್ತಿರುವಾಗ ಆ ಮೊದಲ ಭಾಗ ತನ್ನ ಅತಿ ಹೆಚ್ಚಿನ ವೇಗದಲ್ಲಿ ಕಿರುಚುತ್ತಿರುತ್ತದೆ, ಜನರೇಟರಿಗೆ ಏನೂ ಆಗಿರುವುದಿಲ್ಲ. ರೋಟರ್ ಕಷ್ಟದಲ್ಲಿದೆ ಅನ್ನೋ ಸುದ್ದಿಯೇ ಅದಕ್ಕೆ ಮುಟ್ಟುವುದಿಲ್ಲ. ಅದೇ ಎಂಜಿನ್ ನಿಂತುಹೋದರೆ ಅದರ ಜನರೇಟರೂ ಅದರ ಜೊತೆಗೇ ಹೋಯಿತು.

ಎಂಜಿನ್ ನಿಂತಾಗ ಗೇರ್‌ಬಾಕ್ಸ್ ಮೇಲಿನ ಜನರೇಟರ್ ಗತಿ? ಅದು ನಡೆಯುತ್ತಿರುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಫ್ರೀವ್ಹೀಲ್ ಇದೆ, ಎಂಜಿನ್ ನಿಂತರೆ ಅದು ಬಿಟ್ಟುಕೊಂಡು ರೋಟರ್ ತನ್ನಷ್ಟಕ್ಕೆ ತಿರುಗುತ್ತದೆ. ಪೈಲಟ್ ಕಲೆಕ್ಟಿವ್ ಕೆಳಗಿಳಿಸಿ ಹೆಲಿಕಾಪ್ಟರನ್ನು ಇಳಿಯಲು ಬಿಡುತ್ತಾನೆ, ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಯನ್ನು ತಿರುಗಿಸುತ್ತದೆ. ಇದಕ್ಕೆ ಆಟೊರೊಟೇಶನ್ ಅನ್ನುತ್ತಾರೆ. ರೆಕ್ಕೆ ಗೇರ್‌ಬಾಕ್ಸನ್ನು, ಗೇರ್‌ಬಾಕ್ಸ್ ಜನರೇಟರನ್ನು ತಿರುಗಿಸುತ್ತದೆ. ಎರಡು ಎಂಜಿನ್ನೂ ಸತ್ತ ಹೆಲಿಕಾಪ್ಟರ್ ಬೀಳುವ ಗಾಳಿಯಿಂದಲೇ ಕರೆಂಟ್ ಮಾಡಿಕೊಳ್ಳುತ್ತಾ ಇಳಿಯುತ್ತದೆ ಅಂದರೆ ಹೊರಗಿನವರು ನಂಬುವುದಿಲ್ಲ. ಕೊನೆಗೆ ನೆಲ ಹತ್ತಿರ ಬಂದಾಗ ಪೈಲಟ್ ಕಲೆಕ್ಟಿವ್ ಎಳೆದು ರೋಟರಿನಲ್ಲಿ ಉಳಿದ ವೇಗವನ್ನೆಲ್ಲ ಖರ್ಚು ಮಾಡಿ ಮೆತ್ತಗೆ ಕೂರಿಸುತ್ತಾನೆ. ಆಗ ಸುತ್ತು ಇಳಿದು ಜನರೇಟರ್ ಬಿಟ್ಟುಕೊಳ್ಳುವುದು ಸಹಜ, ಆ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ.

ಡಿಸಿ ಜನರೇಟರಿಗೆ ಫ್ರೀಕ್ವೆನ್ಸಿಯ ಗೊಡವೆ ಇಲ್ಲ, ಆದರೆ ನಿಧಾನ ವೇಗದಲ್ಲಿ ಅದಕ್ಕೂ ಅದರದ್ದೇ ಸಂಕಟ. ಅದರ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗಿಂತ ಕೆಳಗೆ ಬಂತು ಅಂದುಕೊಳ್ಳಿ. ಕರೆಂಟ್ ತಿರುಗಿ ಹರಿಯುತ್ತದೆ, ಬ್ಯಾಟರಿಯೇ ಜನರೇಟರನ್ನು ಮೋಟಾರಿನಂತೆ ತಿರುಗಿಸಲು ನೋಡುತ್ತದೆ, ಬ್ಯಾಟರಿ ಖಾಲಿ. ಅದಕ್ಕೇ ಹಿಮ್ಮುಖ ಕರೆಂಟ್ ಕಂಡ ಕೂಡಲೇ ಕತ್ತರಿಸುವ ರಿಲೇ ಇದೆ. ಎಂಜಿನ್ ಆಫ್ ಮಾಡುವಾಗ ಪ್ಯಾನೆಲ್ ಮೇಲೆ ಜನರೇಟರ್ ದೀಪ ಹತ್ತುವುದು ಈ ಕಾರಣಕ್ಕೂ ಇರಬಹುದು, ಪೈಲಟ್ ತಾನೇ ಮೊದಲೇ ಸ್ವಿಚ್ ಆಫ್ ಮಾಡಿದ್ದಕ್ಕೂ ಇರಬಹುದು. ಹಿಂದೆಯೇ ಆಯಿಲ್ ಪ್ರೆಶರ್, ಹೈಡ್ರಾಲಿಕ್, ರೋಟರ್ ಕಡಿಮೆ ಅನ್ನೋ ದೀಪಗಳೂ ಬರುತ್ತವೆ. ತಿರುಗುವುದು ನಿಂತರೆ ಪಂಪೂ ನಿಲ್ಲುತ್ತದೆ, ದೀಪ ಹತ್ತಲೇಬೇಕು. ಹತ್ತದಿದ್ದರೆ ನಾವು ಬಲ್ಬ್ ಹೋಗಿದೆಯಾ ಅಂತ ನೋಡುತ್ತಿದ್ದೆವು.

ಇನ್ನು ಒಳಗೆ ತಂಪು ಮಾಡುವ ಎಸಿ, ಅಂದರೆ ಏರ್ ಕಂಡೀಷನರ್ ವಿಷಯ. ಭಾಷಣ ಮುಗಿಯುವವರೆಗೂ ಎಂಜಿನ್ ಐಡಲ್‌ನಲ್ಲಿ, ಅಂದರೆ ಭಾರವಿಲ್ಲದೆ ನಿಧಾನಕ್ಕೆ ಓಡಲು, ಇಟ್ಟುಕೊಂಡು ಕಾಯುತ್ತಾರೆ, ಆಮೇಲೆ ಬಂದು ಕೂತವರು ಒಳಗೆ ಒಲೆಯಂತಿದೆ, ಎಸಿ ಯಾಕೆ ಹಾಕಿಲ್ಲ ಅಂತ ರೇಗುತ್ತಾರೆ. ಎಂಜಿನ್ ಈಗಷ್ಟೇ ಸ್ಟಾರ್ಟ್ ಆಗಿದ್ದರೆ ಬ್ಯಾಟರಿ ಬಳಲಿರುತ್ತದೆ, ತುಂಬಿಕೊಳ್ಳಲು ಜೋರಾಗಿ ಕರೆಂಟ್ ಎಳೆಯುತ್ತಿರುತ್ತದೆ. ಐಡಲ್‌ನಲ್ಲಿ ಜನರೇಟರ್ ನಿಧಾನ, ಅದರ ಫ್ಯಾನ್ ನಿಧಾನ, ಒಳಗೆ ಹೋಗುವ ಗಾಳಿಯೇ ರಾಯಚೂರಿನ 43 ಡಿಗ್ರಿ ಗಾಳಿ. ಅದಕ್ಕೇ ಕೆಲವು ಮಾದರಿಗಳಿಗೆ ನೆಲದ ಮೇಲೆ ಇಷ್ಟೇ ಆಂಪಿಯರ್ ಎಳೆಯಬೇಕು ಅನ್ನುವ ಮಿತಿ ಬೇರೆ ಇದೆ, ಹಾರುವಾಗಿನದಕ್ಕಿಂತ ಕಡಿಮೆ. ಪೈಲಟ್ ಆಮ್ಮೀಟರ್ ಇಳಿಯಲಿ ಅಂತ ಕಾಯುತ್ತಿರುತ್ತಾನೆ. ಹೆಲಿಕಾಪ್ಟರ್‌ಗಳಲ್ಲಿ ಬಹಳ ಕಾಲದಿಂದ ಇರುವುದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಬಿಸಿಯಲ್ಲಿ ಜಾಸ್ತಿ ಚಾರ್ಜ್ ಆದರೆ ಅದು ಕಾಯುತ್ತದೆ, ಕಾದಷ್ಟೂ ಇನ್ನೂ ಕರೆಂಟ್ ಎಳೆಯುತ್ತದೆ, ಕೊನೆಗೆ ಹಿಡಿತಕ್ಕೆ ಸಿಗುವುದಿಲ್ಲ. ಅದಕ್ಕಾಗಿಯೇ ಬ್ಯಾಟರಿ ಬಿಸಿಗೆ ಪ್ರತ್ಯೇಕ ದೀಪ ಇಟ್ಟಿದ್ದಾರೆ. ಹತ್ತು ನಿಮಿಷ ಬೆವರಿದರೆ ಯಾರೂ ಕರಗುವುದಿಲ್ಲ.

ಹಾಗಾದರೆ ಮೇಲಿರುವಾಗ ಎಲ್ಲ ಜನರೇಟರೂ ಹೋದರೆ ಹೆಲಿಕಾಪ್ಟರ್ ಬೀಳುತ್ತದಾ? ಇಲ್ಲ. ಚೇತಕ್, ಎಂಐ-17ರಂಥವುಗಳಲ್ಲಿ ಪೈಲಟ್ ಕೈಯಿಂದ ರೆಕ್ಕೆಯವರೆಗೆ ಇರುವುದು ರಾಡು, ಲಿವರು, ಹೈಡ್ರಾಲಿಕ್ಕು. ಅದಕ್ಕೆ ಜನರೇಟರಿನ ಹಂಗಿಲ್ಲ. ಕಂಪ್ಯೂಟರ್ ನಡೆಸುವ ಹೊಸ ಎಂಜಿನ್‌ಗಳಲ್ಲಿ ಆ ಕಂಪ್ಯೂಟರಿಗೆ ಅಂತಲೇ ಎಂಜಿನ್ ಮೇಲೆ ಒಂದು ಪುಟ್ಟ ಆಲ್ಟರ್ನೇಟರ್ ಬೇರೆ ಇರುತ್ತದೆ, ಹೆಲಿಕಾಪ್ಟರಿನ ಕರೆಂಟ್ ಪೂರ್ತಿ ಹೋದರೂ ಎಂಜಿನ್ ಓಡುತ್ತದೆ. ಒಂದು ಜನರೇಟರ್ ಹೋದರೆ ಇನ್ನೊಂದು ತೂಗಿಸುತ್ತದೆ, ಬೇಕಿಲ್ಲದ ಲೋಡುಗಳನ್ನು ಕಳಚುತ್ತಾರೆ. ಎಲ್ಲ ಹೋದರೆ ರೇಡಿಯೊ, ಮುಖ್ಯ ಮೀಟರುಗಳಿಗೆ ಬ್ಯಾಟರಿ ಇದೆ. ರಾತ್ರಿ, ಮೋಡದೊಳಗೆ ಇದು ದೊಡ್ಡ ತೊಂದರೆ, ಇಲ್ಲ ಅನ್ನುವುದಿಲ್ಲ. ಹಗಲು ಹೊತ್ತು, ಕೆಳಗೆ ಗದ್ದೆ ಕಾಣುತ್ತಿರುವಾಗ ಪೈಲಟ್ ಒಂದು ಒಳ್ಳೆ ಜಾಗ ನೋಡಿ ಇಳಿಸುತ್ತಾನೆ, ಅಷ್ಟೆ.

ನಿಮ್ಮ ವರದಿಗಾರರಿಗೆ ಒಂದು ಕೋರಿಕೆ. ಮುಂದೆ ಇಂಥ ವಿಡಿಯೊ ಕೈಗೆ ಬಂದರೆ ಸುಮ್ನೆ ವಿದ್ಯುತ್ ವೈಫಲ್ಯ ಅಂತ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿ. ಆ ಹೊತ್ತಲ್ಲಿ ರೋಟರ್ ವೇಗ ಎಷ್ಟು ಪರ್ಸೆಂಟ್ ಇತ್ತು? ಜನರೇಟರ್ ಇರುವುದು ಎಂಜಿನ್ ಮೇಲೋ, ಗೇರ್‌ಬಾಕ್ಸ್ ಮೇಲೋ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಸುದ್ದಿ ಅಲ್ಲೇ ಕರಗುತ್ತದೆ, ಉಳಿದ ಅರ್ಧ ನಿಜವಾದ ಸುದ್ದಿ. ನಮ್ಮ ರಾಜ್ಯದಲ್ಲೇ ಹೆಲಿಕಾಪ್ಟರ್ ತಯಾರಾಗುತ್ತವೆ. ಬೆಂಗಳೂರಿನ ಎಚ್‌ಎಎಲ್ ಅಂತೂ ಇದ್ದೇ ಇದೆ, ಅದರದ್ದೇ ಇನ್ನೊಂದು ಕಾರ್ಖಾನೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿ 6ರಂದು ಶುರುವಾಯಿತು. ಸಿಂಧನೂರು, ಕುಷ್ಟಗಿ, ಸಿರುಗುಪ್ಪದ ಐಟಿಐ ಹುಡುಗರು ನಾಳೆ ಅಂಥ ಕಡೆ ಕೆಲಸಕ್ಕೆ ಹೋಗಬಹುದು. ಅವರು ಓದುವ ಪತ್ರಿಕೆಯಲ್ಲಿ ಇದು ಸರಿಯಾಗಿ ಬಂದರೆ ಚೆಂದ.

ಆ ವಿಡಿಯೊದಲ್ಲಿ ನನಗೆ ನಿಜಕ್ಕೂ ಎದೆ ಝಲ್ ಅನ್ನಿಸಿದ್ದು ಪ್ಯಾನೆಲ್ ದೀಪ ಅಲ್ಲ. ರೆಕ್ಕೆ ನಿಧಾನವಾಯಿತು ಅಂತ ಜನ ಹಾರ ಹಿಡಿದುಕೊಂಡು ಓಡಿಬಂದರಲ್ಲ, ಅದು. ಪೂರ್ತಿ ವೇಗದಲ್ಲಿದ್ದಾಗ ರೆಕ್ಕೆ ತನ್ನ ತಿರುಗುವ ಬಲಕ್ಕೇ ಬಿಗಿಯಾಗಿ ಚಾಚಿಕೊಂಡಿರುತ್ತದೆ. ಸುತ್ತು ಇಳಿದಂತೆ ಆ ಬಲ ಹೋಗಿ ರೆಕ್ಕೆ ಜೋಲುತ್ತದೆ, ತುದಿ ಕೆಳಗೆ ಬರುತ್ತದೆ. ಆಗ ಬಯಲಿನಿಂದ ಒಂದು ಸುಳಿಗಾಳಿ ಎದ್ದರೆ, ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಏಳುತ್ತಲೇ ಇರುತ್ತದೆ, ತಿರುಗುತ್ತಿರುವ ರೆಕ್ಕೆ ಒಮ್ಮೆಲೇ ಆಳೆತ್ತರಕ್ಕೆ ಬಗ್ಗಬಹುದು. ಬಾಲದ ಕಡೆಯ ಸಣ್ಣ ರೋಟರ್ ಅಂತೂ ತಿರುಗುತ್ತಿದೆ ಅಂತ ಕಣ್ಣಿಗೇ ಕಾಣುವುದಿಲ್ಲ. ರೆಕ್ಕೆ ಪೂರ್ತಿ ನಿಂತು, ಸಿಬ್ಬಂದಿ ಕೈಸನ್ನೆ ಮಾಡಿ ಕರೆಯುವವರೆಗೆ ಹಗ್ಗದಾಚೆ ನಿಲ್ಲಿಸುವ ಕೆಲಸ ಪೊಲೀಸರದ್ದು. ಮೊಬೈಲ್ ಹಿಡಿದು ಬಾಗಿಲವರೆಗೂ ಬಂದವರನ್ನು ಆವತ್ತು ಹಗ್ಗದೊಳಗೆ ಬಿಟ್ಟವರು ಯಾರು ಅಂತ ನಿಮ್ಮ ವರದಿಗಾರರು ವಿಚಾರಿಸಲಿ.

ಇತಿ,
ನಿವೃತ್ತ ವಾಯುಪಡೆ ಸಿಬ್ಬಂದಿ,
ಗಂಗಾವತಿ, ಕೊಪ್ಪಳ ಜಿಲ್ಲೆ